ಕೋಟೆ, ಕೆರೆ, ಕೊಂಡುಕುರಿ: ದುರ್ಗ–ದಾವಣಗೆರೆ ಸುತ್ತುವವರಿಗೆ ಸಮಗ್ರ ಮಾರ್ಗದರ್ಶಿ

ಚಿತ್ರದುರ್ಗಕ್ಕೆ ಬರುವವರಲ್ಲಿ ಜಾಸ್ತಿ ಜನ ಮಾಡುವುದು ಒಂದೇ. ಹತ್ತು ಗಂಟೆಗೆ ಕೋಟೆ ಬಾಗಿಲಿಗೆ ಬರುತ್ತಾರೆ. ಬಿಸಿಲಲ್ಲಿ ಏದುಸಿರು ಬಿಡುತ್ತಾ ಓಬವ್ವನ ಕಿಂಡಿವರೆಗೆ ಹೋಗುತ್ತಾರೆ. ಫೋಟೋ ಹೊಡೆಸಿಕೊಂಡು, ಊಟ ಮುಗಿಸಿ, ಹೆದ್ದಾರಿ ಹಿಡಿಯುತ್ತಾರೆ. ಊರಿನ ಬೆನ್ನಿಗೇ ಕರಡಿ, ಚಿರತೆ ಇರುವ ಕಾಡಿದೆ. ಜಗಳೂರಿನ ಕಡೆ ಹೋದರೆ ನಾಲ್ಕು ಕೊಂಬಿನ ಕೊಂಡುಕುರಿ ಇದೆ. ಇದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ.

ಕೋಟೆ ಒಂದು ಪ್ರವಾಸ, ಕಾಡು ಇನ್ನೊಂದು ಪ್ರವಾಸ ಅಂತ ಬೇರೆ ಬೇರೆ ಮಾಡಬೇಕಾಗಿಲ್ಲ. ಇದು ಮಳೆ ಕಡಿಮೆ ಇರುವ ಸೀಮೆ. ಕೋಟೆ ಕಟ್ಟಿದವರು ನೀರು ನಿಲ್ಲುವ ಜಾಗ ನೋಡಿಯೇ ಕಟ್ಟಿದ್ದಾರೆ. ಪ್ರಾಣಿಗಳೂ ನೀರಿನ ಆಸರೆ ಇರುವ ಕಡೆಯೇ ಉಳಿದುಕೊಂಡಿವೆ. ಹೊಂಡ, ಕೆರೆ, ಹಳ್ಳ ಹಿಡಿದು ದಾರಿ ಹಾಕಿಕೊಂಡರೆ ಎರಡೂ ಒಟ್ಟಿಗೇ ಸಿಗುತ್ತವೆ. ಮೂರು ರಾತ್ರಿ ತಂಗುವ ಲೆಕ್ಕದಲ್ಲಿ ಹೇಗೆ ಮಾಡಬಹುದು ಅನ್ನುವುದನ್ನು ಕೆಳಗೆ ಬರೆದಿದ್ದೇನೆ.

ಮೊದಲು ತಿಂಗಳು ಗೊತ್ತು ಮಾಡಿ

ಹಸಿರು ಬೇಕು, ಹೊಂಡಗಳು ತುಂಬಿರಬೇಕು ಅಂದರೆ ಅಕ್ಟೋಬರ್, ನವೆಂಬರ್. ಪ್ರಾಣಿ ಕಣ್ಣಿಗೆ ಬೀಳಬೇಕು ಅಂದರೆ ಜನವರಿ ಕೊನೆಯಿಂದ ಫೆಬ್ರವರಿ. ಆಗ ಹುಲ್ಲು ಒಣಗಿರುತ್ತದೆ, ಎಲೆ ಉದುರಿರುತ್ತದೆ, ಸಣ್ಣ ಗುಂಡಿಗಳ ನೀರು ಬತ್ತಿರುತ್ತದೆ. ಉಳಿದ ನಾಲ್ಕೈದು ನೀರಿನ ತಾಣಗಳಿಗೆ ಎಲ್ಲವೂ ಬರಲೇಬೇಕು. ನನ್ನ ಆಯ್ಕೆ ಫೆಬ್ರವರಿ ಮೊದಲ ವಾರ. ಮಾರ್ಚ್ ನಂತರ ದುರ್ಗದ ಬಂಡೆ ಕಾದು ಕೆಂಡವಾಗುತ್ತದೆ. ಕಾಡ್ಗಿಚ್ಚಿನ ಭಯಕ್ಕೆ ಅರಣ್ಯ ಇಲಾಖೆಯವರು ಒಳಗೆ ಬಿಡದೆಯೂ ಇರಬಹುದು.

ಆರರಿಂದ ಹತ್ತು ಜನ ಇದ್ದರೆ ಚೆನ್ನ. ಒಂದು ಟಿಟಿ (ಟೆಂಪೋ ಟ್ರಾವೆಲರ್) ಸಾಕಾಗುತ್ತದೆ, ಗೈಡ್ ಹೇಳಿದ್ದು ಎಲ್ಲರ ಕಿವಿಗೂ ಬೀಳುತ್ತದೆ. ಮೂವತ್ತು ಜನ ಬಸ್ಸಲ್ಲಿ ಬಂದರೆ ಕೋಟೆ ನೋಡಬಹುದು. ಕಾಡಿನಲ್ಲಿ ಮಾತ್ರ ನವಿಲಿನ ಪುಕ್ಕವೂ ಕಾಣಿಸುವುದಿಲ್ಲ.

ಫೋನು, ಪತ್ರ, ಅನುಮತಿ

ಕೋಟೆ, ಚಂದ್ರವಳ್ಳಿ, ಹರಿಹರ, ಸಂತೆಬೆನ್ನೂರು: ಈ ನಾಲ್ಕಕ್ಕೆ ಮುಂಚೆ ಯಾರನ್ನೂ ಕೇಳಬೇಕಾಗಿಲ್ಲ. ಟಿಕೆಟ್ ಇರುವ ಕಡೆ ಅಲ್ಲೇ ತಗೊಂಡರಾಯಿತು.

ಕಾಡಿನ ಮಾತು ಬೇರೆ. ಜೋಗಿಮಟ್ಟಿಯೂ ರಂಗಯ್ಯನದುರ್ಗವೂ ವನ್ಯಜೀವಿಧಾಮಗಳು. ಹೋಗುವ ಎರಡು ವಾರ ಮುಂಚೆ ಆಯಾ ಜಿಲ್ಲೆಯ ಉಪ ಅರಣ್ಯ ಸಂರಕ್ಷಣಾಧಿಕಾರಿಗಳ ಕಚೇರಿಗೆ ಒಂದು ಪತ್ರ ಕೊಡಿ. ಎಷ್ಟು ಜನ, ಯಾವ ದಿನ, ಗಾಡಿ ನಂಬರ್ ಏನು, ಉದ್ದೇಶ ಏನು ಎಂಬುದು ಒಂದೇ ಪುಟದಲ್ಲಿರಲಿ, ಎಲ್ಲರ ಆಧಾರ್ ನಕಲು ಜೊತೆಗಿರಲಿ. ಆಮೇಲೆ ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ಫೋನ್ ಮಾಡಿ ಮತ್ತೆ ನೆನಪಿಸಿ. "ಜೊತೆಗೆ ಒಬ್ಬರು ಗಾರ್ಡ್ ಅಥವಾ ವಾಚರ್ ಬರಬಹುದಾ ಸಾರ್?" ಅಂತ ಕೇಳುವುದನ್ನು ಮಾತ್ರ ಮರೆಯಬೇಡಿ. ಕಾಡಿನಲ್ಲಿ ನಿಜವಾದ ಗೈಡ್ ಅವರೇ. ಡ್ರೋನ್ ಮನೆಯಲ್ಲೇ ಬಿಟ್ಟು ಬನ್ನಿ. ಅನುಮತಿ ಇಲ್ಲದೆ ಕೋಟೆಯಲ್ಲೂ ಹಾರಿಸುವಂತಿಲ್ಲ, ಕಾಡಿನಲ್ಲೂ ಹಾರಿಸುವಂತಿಲ್ಲ.

ಬಂಡೀಪುರದ ಬಸ್ ಸಫಾರಿಯನ್ನು ತಲೆಯಲ್ಲಿಟ್ಟುಕೊಂಡು ಬರಬೇಡಿ ಅಂತ ಜೊತೆಯವರಿಗೆ ಈಗಲೇ ಹೇಳಿಬಿಡಿ. ಇಲ್ಲಿ ಆನೆ ಹಿಂಡಿಲ್ಲ, ಹುಲಿ ದಾರಿಗೆ ಅಡ್ಡ ಬರುವುದಿಲ್ಲ. ಇದು ಕುರುಚಲು ಕಾಡು. ಇಲ್ಲಿನ ಪ್ರಾಣಿ ಸಣ್ಣದು, ನಾಚಿಕೆ ಜಾಸ್ತಿ. ಅದನ್ನು ನೋಡುವ ಖುಷಿಯೇ ಬೇರೆ, ಆದರೆ ಅದಕ್ಕೆ ತಾಳ್ಮೆ ಬೇಕು.

ಮೊದಲ ದಿನ ಮಧ್ಯಾಹ್ನ: ಚಂದ್ರವಳ್ಳಿ

ಬೆಂಗಳೂರಿನಿಂದ ದುರ್ಗ ಸುಮಾರು 200 ಕಿ.ಮೀ. ಬೆಳಿಗ್ಗೆ ತಿಂಡಿ ತಿಂದು ಹೊರಟರೂ ಊಟದ ಹೊತ್ತಿಗೆ ಬಂದು ಸೇರಬಹುದು. ಬಂದ ಕೂಡಲೇ ಕೋಟೆಗೆ ಓಡಬೇಡಿ. ರೂಮಿನಲ್ಲಿ ಸ್ವಲ್ಪ ಮಲಗಿ, ಮೂರೂವರೆಗೆ ಚಂದ್ರವಳ್ಳಿಗೆ ಹೊರಡಿ.

ಊರು ಕೋಟೆಯಿಂದ ಶುರುವಾಗಿದ್ದಲ್ಲ, ಇಲ್ಲಿಂದ. ಚಿತ್ರದುರ್ಗದ ಗುಡ್ಡ, ಕಿರುಬನಕಲ್ಲು, ಚೋಳಗುಡ್ಡ ಈ ಮೂರರ ನಡುವಿನ ಕಣಿವೆ ಇದು. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಇಲ್ಲಿ ಅಗೆಸಿದರು. ಅವರಿಗಿಂತ ಮುಂಚೆ ಮೈಸೂರಿನ ಪುರಾತತ್ವ ಇಲಾಖೆಯ ಎಂ.ಎಚ್. ಕೃಷ್ಣ ಅಗೆಸಿದ್ದರು. ಶಾತವಾಹನರ ನಾಣ್ಯಗಳ ಜೊತೆ ರೋಮಿನ ಆಗಸ್ಟಸ್, ಟೈಬೀರಿಯಸ್ ಕಾಲದ ಬೆಳ್ಳಿ ನಾಣ್ಯಗಳೂ ಸಿಕ್ಕಿವೆ. ಎಲ್ಲಿಯ ರೋಮ್, ಎಲ್ಲಿಯ ದುರ್ಗ!

ಗೈಡ್ ನಿಮ್ಮನ್ನು ನೇರ ಅಂಕಲಿ ಮಠದ ಗುಹೆಗೆ ಕರೆದುಕೊಂಡು ಹೋಗಲು ನೋಡುತ್ತಾರೆ. ಮೊದಲು ಭೈರವೇಶ್ವರ ದೇವಸ್ಥಾನದ ಹತ್ತಿರದ ಬಂಡೆ ತೋರಿಸಿ ಅನ್ನಿ. ಅಲ್ಲಿ ಕದಂಬರ ಮಯೂರಶರ್ಮನ ಶಾಸನವಿದೆ, 4ನೇ ಶತಮಾನದ್ದು, ಪ್ರಾಕೃತ ಭಾಷೆಯದ್ದು. ರಾಜ ಅಂದ ಮೇಲೆ ಯುದ್ಧದ ಬಡಾಯಿ ಇದ್ದೇ ಇರುತ್ತದೆ, ಆದರೆ ಶಾಸನ ಬರೆಸಲು ಕಾರಣವಾಗಿದ್ದು ಒಂದು ಕೆರೆ. ಮಯೂರಶರ್ಮ ಇಲ್ಲಿ ಕೆರೆ ಕಟ್ಟಿಸಿದ ಅಂತ ಅದು ಹೇಳುತ್ತದೆ. ತಲೆ ಎತ್ತಿದರೆ ಪಕ್ಕದಲ್ಲೇ ಕೆರೆ. ಅಕ್ಷರ ಸವೆದಿದೆ, ಸುಮ್ನೆ ನಿಂತು ನೋಡಿದರೆ ಏನೂ ಕಾಣುವುದಿಲ್ಲ. ಸಂಜೆಯ ಓರೆ ಬಿಸಿಲು ಬಿದ್ದಾಗ ಗೆರೆಗಳು ಎದ್ದು ಬರುತ್ತವೆ. ಮಧ್ಯಾಹ್ನದ ನಂತರ ಬನ್ನಿ ಅಂದದ್ದು ಅದಕ್ಕೇ.

ಅಂಕಲಿ ಮಠಕ್ಕೆ ಟಾರ್ಚ್ ಬೇಕೇ ಬೇಕು, ಮೊಬೈಲ್ ಬೆಳಕು ಸಾಲುವುದಿಲ್ಲ. ನೆಲದೊಳಗೆ ಒಂದರ ಹಿಂದೆ ಒಂದು ಕೋಣೆಗಳು, ಬಗ್ಗಿಕೊಂಡು ಹೋಗಬೇಕಾದ ಕಿರಿದಾದ ಬಾಗಿಲುಗಳು. ಉಸಿರು ಕಟ್ಟಿದಂತಾಗುವವರು, ಮಂಡಿ ನೋವಿನವರು ಹೊರಗೇ ಕೂರಲಿ. ಗೈಡ್ ಇಲ್ಲದೆ ಒಳಗೆ ಹೋಗಲೇಬೇಡಿ. ಹೊರಗೆ ಕೂತವರಿಗೂ ನಷ್ಟವಿಲ್ಲ, ಕೆರೆ ದಂಡೆಯಲ್ಲಿ ಮಿಂಚುಳ್ಳಿ, ನೀರುಕಾಗೆ, ಬೆಳ್ಳಕ್ಕಿ ನೋಡುತ್ತಾ ಹೊತ್ತು ಹೋಗುತ್ತದೆ. ಬೈನಾಕ್ಯುಲರ್ ಇದ್ದರೆ ಇವತ್ತೇ ಹೊರಗೆ ತೆಗೆದು ಕೈ ಪಳಗಿಸಿಕೊಳ್ಳಿ.

ಎರಡನೇ ದಿನ ಬೆಳಿಗ್ಗೆ: ಕಲ್ಲಿನ ಕೋಟೆ

ಬಾಗಿಲು ತೆರೆಯುವ ಹೊತ್ತಿಗೇ ಅಲ್ಲಿರಿ. ಹತ್ತೂವರೆಯ ಒಳಗೆ ಕೆಳಗಿಳಿಯುವುದು ಗುರಿ. ತಿಂಡಿ ತಿಂದೇ ಹತ್ತಿ. ಕೈಯಲ್ಲಿ ಕವರ್ ಹಿಡಿದುಕೊಳ್ಳಬೇಡಿ, ಕೋತಿಗಳು ಕವರ್ ಸದ್ದಿಗೇ ಬರುತ್ತವೆ. ನೀರು ಬೆನ್ನಿನ ಬ್ಯಾಗಿನಲ್ಲಿರಲಿ. ಜಾರದ ಶೂ ಹಾಕಿ.

ಟಿಕೆಟ್ ಕೌಂಟರ್ ಹತ್ತಿರ ಗೈಡ್‌ಗಳು ಸಿಗುತ್ತಾರೆ. "ಅರ್ಧ ಕೋಟೆನಾ, ಪೂರ್ತಿನಾ ಸಾರ್?" ಅನ್ನುವುದು ಅವರ ಮೊದಲ ಪ್ರಶ್ನೆ. ಪೂರ್ತಿ ಅನ್ನಿ. ದುಡ್ಡು ಎಷ್ಟು, ಎಷ್ಟು ಗಂಟೆ, ಏನೇನು ತೋರಿಸುತ್ತೀರಿ ಎಂಬುದನ್ನು ಮೆಟ್ಟಿಲು ಹತ್ತುವ ಮುಂಚೆಯೇ ಮಾತಾಡಿಕೊಳ್ಳಿ. ಬರೀ ಓಬವ್ವನ ಕಥೆ ಹೇಳಿ ಮುಗಿಸುವವರೂ ಇದ್ದಾರೆ, ಕಲ್ಲು ಕಲ್ಲಿನ ಲೆಕ್ಕ ಗೊತ್ತಿರುವವರೂ ಇದ್ದಾರೆ. ಪರೀಕ್ಷೆ ಮಾಡಲು ಸುಲಭದ ದಾರಿ ಇದೆ. "ಅಣ್ಣಾ, ಗೋಪಾಲಸ್ವಾಮಿ ಹೊಂಡದ ನೀರು ಕೋಡಿ ಬಿದ್ದರೆ ಎಲ್ಲಿಗೆ ಹೋಗುತ್ತೆ?" ಅಂತ ಕೇಳಿ. "ಅಕ್ಕ ತಂಗಿ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಪೇಟೆಯ ಸಂತೆಹೊಂಡಕ್ಕೆ" ಅಂತ ತಡವರಿಸದೆ ಹೇಳಿದರೆ ಒಳ್ಳೆಯ ಗೈಡ್ ಸಿಕ್ಕರು ಅಂತಲೇ ಲೆಕ್ಕ.

ಮುತ್ತಿಗೆ ಹಾಕಿದವರು ತಿಂಗಳುಗಟ್ಟಲೆ ಕೆಳಗೆ ಕಾದರೂ ಮೇಲಿನವರು ಬಗ್ಗದೆ ಇದ್ದದ್ದರ ಗುಟ್ಟು ಈ ಹೊಂಡಗಳ ಸಾಲಿನಲ್ಲೇ ಇದೆ. ಬಂಡೆಯ ಮೇಲೆ ಬಿದ್ದ ಮಳೆ ಇಂಗುವುದಿಲ್ಲ, ಹರಿಯುತ್ತದೆ. ಹರಿಯುವುದನ್ನು ಒಂದು ಕಡೆ ತಡೆದು, ಹೆಚ್ಚಾದದ್ದನ್ನು ಕೆಳಗಿನ ಹೊಂಡಕ್ಕೆ ಬಿಟ್ಟಿದ್ದಾರೆ.

ಏಳು ಸುತ್ತಿನ ಕೋಟೆಯಲ್ಲಿ 19 ದೊಡ್ಡ ಬಾಗಿಲು, 38 ದಿಡ್ಡಿ ಬಾಗಿಲು ಅಂತ ಗೈಡ್ ಲೆಕ್ಕ ಒಪ್ಪಿಸುತ್ತಾರೆ. ಎಣಿಸುತ್ತಾ ಹೋಗಬೇಡಿ. ಬದಲಿಗೆ ಬಾಗಿಲು ತಿರುಗುವ ರೀತಿ ನೋಡಿ. ಒಂದು ಬಾಗಿಲ ಎದುರಿಗೆ ಇನ್ನೊಂದು ಬಾಗಿಲಿಲ್ಲ. ದಾರಿ ಹಾವಿನ ಹಾಗೆ ಸೊಟ್ಟ ಸೊಟ್ಟ. ಆನೆಗೂ ದಿಮ್ಮಿಗೂ ಓಡಿ ಬಂದು ಗುದ್ದಲು ಜಾಗವೇ ಸಿಗಬಾರದು ಅನ್ನುವುದು ಉಪಾಯ. ಗೋಡೆಯ ಕಲ್ಲುಗಳ ನಡುವೆ ಗಾರೆ ಹುಡುಕಿ, ಎಷ್ಟೋ ಕಡೆ ಸಿಗುವುದಿಲ್ಲ. ಕಲ್ಲಿಗೆ ಕಲ್ಲು ಕೂಡಿಸಿದ್ದಾರೆ ಅಷ್ಟೇ.

ಮದ್ದು ಬೀಸುವ ಕಲ್ಲಿನ ಹತ್ತಿರ ಅವಸರ ಮಾಡಬೇಡಿ. ಒಂದು ಗುಂಡಿಯೊಳಗೆ ನಾಲ್ಕು ದೊಡ್ಡ ಬೀಸುಕಲ್ಲುಗಳು ಸುತ್ತಲೂ ಕೂತಿವೆ. ನಡುವಿನ ಯಂತ್ರವನ್ನು ಪ್ರಾಣಿಗಳಿಂದ ತಿರುಗಿಸಿದರೆ ನಾಲ್ಕೂ ಕಲ್ಲು ಒಟ್ಟಿಗೆ ತಿರುಗಿ ತೋಪಿನ ಮದ್ದು ಅರೆಯುತ್ತಿತ್ತು ಅನ್ನುತ್ತಾರೆ. ಮದ್ದಿಗೆ ಕಿಡಿ ತಾಗಿದರೆ ಏನಾಗುತ್ತದೆ ಅಂತ ಗೊತ್ತಿದ್ದವರು ಅದನ್ನು ನೆಲದ ಮಟ್ಟದಿಂದ ಕೆಳಗೆ ಇಟ್ಟಿದ್ದಾರೆ.

ಓಬವ್ವನ ಕಿಂಡಿಗೆ ಹೋದಾಗ ಪಕ್ಕದಲ್ಲಿರುವ ತಣ್ಣೀರು ದೋಣಿ ಅನ್ನುವ ನೀರಿನ ತಾಣವನ್ನೂ ನೋಡಿ. ಕಾವಲುಗಾರ ಗಂಡ ಊಟಕ್ಕೆ ಕೂತಿದ್ದಾಗ ಓಬವ್ವ ನೀರಿಗೆ ಬಂದದ್ದು, ಹೈದರನ ಸೈನಿಕರು ನುಸುಳುವುದನ್ನು ಕಂಡದ್ದು, ಒನಕೆ ಹಿಡಿದು ನಿಂತದ್ದು ನಮಗೆಲ್ಲ ಬಾಯಿಪಾಠ. ಆ ಕಿಂಡಿಯೊಳಗೆ ನೀವೇ ಒಮ್ಮೆ ನುಗ್ಗಿ ನೋಡಿದಾಗ ಕಥೆ ಬೇರೆ ಥರ ಕಾಣುತ್ತದೆ. ಒಬ್ಬರ ಹಿಂದೆ ಒಬ್ಬರೇ ಬರಬೇಕು, ಅದೂ ತಲೆ ಮುಂದೆ ಮಾಡಿಕೊಂಡು. 1779ರಲ್ಲಿ ಕೊನೆಗೂ ಕೋಟೆ ಹೈದರಾಲಿ ಕೈಸೇರಿತು, ಕೊನೆಯ ಮದಕರಿ ನಾಯಕ ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಹೋದ. ಹಿಡಿಂಬೇಶ್ವರ, ಸಂಪಿಗೆ ಸಿದ್ದೇಶ್ವರ, ಏಕನಾಥೇಶ್ವರಿ ದೇವಸ್ಥಾನಗಳು ದಾರಿಯಲ್ಲೇ ಸಿಗುತ್ತವೆ.

ಒಂದು ಎಚ್ಚರಿಕೆ. ಬಂಡೆಗಳ ಕೆಳಗೆ ಹೆಜ್ಜೇನು ಗೂಡು ಕಟ್ಟಿರುತ್ತದೆ. ಸೆಂಟು ಹೊಡೆದುಕೊಂಡು ಬರಬೇಡಿ, ಕೂಗಬೇಡಿ, ಹೊಗೆ ಮಾಡಬೇಡಿ. ಹುಡುಗರು ಕಲ್ಲು ಎತ್ತಿದರೆ ಕೈ ಹಿಡಿಯಿರಿ. ಗೈಡ್ "ಈ ಕಡೆ ಬೇಡ" ಅಂದರೆ ವಾದ ಮಾಡದೆ ಹಿಂದೆ ಸರಿಯಿರಿ.

ಅದೇ ದಿನ ಮಧ್ಯಾಹ್ನ: ಜೋಗಿಮಟ್ಟಿ

ಊಟ, ನಿದ್ದೆ ಮುಗಿಸಿ ಮೂರು ಗಂಟೆಗೆ ಹೊರಡಿ. ಮಕ್ಕಳಿದ್ದರೆ ದಾರಿಯಲ್ಲಿ ಆಡುಮಲ್ಲೇಶ್ವರದ ಕಿರು ಮೃಗಾಲಯಕ್ಕೆ ಅರ್ಧ ಗಂಟೆ ಕೊಡಿ. ಕಾಡಿನಲ್ಲಿ ಏನೂ ಕಾಣದೆ ಹೋದರೂ ಅವರಿಗೆ ಬೇಸರವಾಗುವುದಿಲ್ಲ.

ಜೋಗಿಮಟ್ಟಿಯನ್ನು ನಮ್ಮ ಕಡೆ ದುರ್ಗದ ಊಟಿ ಅನ್ನುತ್ತಾರೆ. ಅಷ್ಟೇನೂ ಇಲ್ಲ ಬಿಡಿ, ಆದರೆ ಗಾಳಿ ಮಾತ್ರ ಭರ್ಜರಿ. ಸುತ್ತಲಿನ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಸುಮ್ನೆ ನೆಟ್ಟಿಲ್ಲ. 2015ರಲ್ಲಿ ಇದನ್ನು ವನ್ಯಜೀವಿಧಾಮ ಅಂತ ಘೋಷಿಸಿದರು, ಸುಮಾರು 100 ಚದರ ಕಿ.ಮೀ. ಕಾಡು. ಕರಡಿ, ಚಿರತೆ, ಕಾಡುಹಂದಿ, ನವಿಲು ಇಲ್ಲಿವೆ.

ಮೇಲೆ ಹೋಗುವಾಗ ಗಾಡಿಯನ್ನು ನಿಧಾನ ಓಡಿಸಲು ಹೇಳಿ, ಹಾಡು ನಿಲ್ಲಿಸಿ, ಕಿಟಕಿ ತೆಗೆಯಿರಿ. ಕರಡಿ ಸಿಗದಿದ್ದರೂ ಕರಡಿಯ ಕೆಲಸ ಸಿಗುತ್ತದೆ. ಗೆದ್ದಲು ಹುತ್ತದ ಬುಡ ಕಿತ್ತುಹೋಗಿ ಆಳದ ತೂತು ಬಿದ್ದಿದ್ದರೆ, ಮಣ್ಣಿನ ಮೇಲೆ ಉಗುರಿನ ಉದ್ದುದ್ದ ಗೆರೆ ಇದ್ದರೆ ರಾತ್ರಿ ಬಂದು ಹೋಗಿದೆ ಅಂತ ಅರ್ಥ. ಮೂತಿಯನ್ನು ತೂತಿಗೆ ಇಟ್ಟು ಗೆದ್ದಲನ್ನು ಸರ್ರನೆ ಹೀರುತ್ತದೆ. ಆ ಸದ್ದು ದೂರದವರೆಗೆ ಕೇಳಿಸುತ್ತದಂತೆ. ಕರಡಿಗೆ ದೃಷ್ಟಿ ಮಂದ. ಹತ್ತಿರ ಹೋಗುವವರೆಗೆ ನಾವು ಬಂದದ್ದು ಅದಕ್ಕೆ ತಿಳಿಯದೆ ಹೋಗಬಹುದು, ಗಾಬರಿಯಾದರೆ ಮೈಮೇಲೆ ಬೀಳುತ್ತದೆ. ಹಾಗಾಗಿ ನಡೆಯುವ ಕಡೆ ಮೆಲ್ಲಗೆ ಮಾತಾಡುತ್ತಲೇ ಇರಿ, ಗಾರ್ಡ್ ಮುಂದೆ, ನೀವು ಹಿಂದೆ. ಪೊದೆ ಇರುವ ಬಂಡೆ ಸಂದಿಗೆ ಇಣುಕುವುದು ಬೇಡ.

ಮಳೆಗಾಲ ಮುಗಿದ ಹೊಸತರಲ್ಲಿ ಬಂದಿದ್ದರೆ ಹಿಮವತ್ ಕೇದಾರದ ಝರಿಯನ್ನೂ ಕೇಳಿ ನೋಡಿ. ಫೆಬ್ರವರಿಯಲ್ಲಿ ಅದಕ್ಕಾಗಿ ನಡೆಯುವುದು ದಂಡ. ಕತ್ತಲಾಗುವ ಮುಂಚೆ ಗೇಟಿನಿಂದ ಹೊರಗಿರಬೇಕು.

ಮೂರನೇ ದಿನ: ಕೊಂಡುಕುರಿ, ಬೆಣ್ಣೆ ದೋಸೆ, ಹರಿಹರ

ಈ ಪ್ರವಾಸದ ಕಷ್ಟದ ಬೆಳಗು ಇದು. ರೂಮು ಖಾಲಿ ಮಾಡಿ, ನಾಲ್ಕೂವರೆಗೆ ಗಾಡಿ ಹತ್ತಬೇಕು. ಹಿಂದಿನ ರಾತ್ರಿಯೇ ಡ್ರೈವರ್‌ಗೆ ಹೇಳಿ, ಬಾಟಾ ವಿಷಯವನ್ನೂ ಆಗಲೇ ಮುಗಿಸಿ. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗ ಕಾಡನ್ನು 2011ರಲ್ಲಿ ಕೊಂಡುಕುರಿಗಾಗಿಯೇ ವನ್ಯಜೀವಿಧಾಮ ಮಾಡಿದರು, ವಿಸ್ತೀರ್ಣ 77 ಚದರ ಕಿ.ಮೀ. ಚಿಲ್ಲರೆ. ಸುತ್ತ ಮೆಕ್ಕೆಜೋಳದ ಹೊಲ, ನಡುವೆ ಕುರುಚಲು ಗುಡ್ಡ. ನೋಡಿದರೆ "ಇಷ್ಟೇನಾ?" ಅನಿಸುತ್ತದೆ, ಅಲ್ವಾ? ಇಳಿದು ಹತ್ತು ನಿಮಿಷ ನಿಲ್ಲಿ.

ಕೊಂಡುಕುರಿ ಹೆಸರಿಗೆ ಕುರಿ, ಜಾತಿಯಲ್ಲಿ ಹುಲ್ಲೆ. ಎತ್ತರ ಎರಡು ಅಡಿ, ತೂಕ 20 ಕಿಲೋ ಆಸುಪಾಸು. ಕಂದು ಮೈ, ಮುಂಗಾಲಿನ ಮೇಲೆ ಕಪ್ಪು ಗೆರೆ. ಗಂಡಿಗೆ ಮಾತ್ರ ಕೊಂಬು, ಅದೂ ನಾಲ್ಕು. ಹಿಂದಿನ ಜೋಡಿ ಮೂರ್ನಾಲ್ಕು ಇಂಚು, ಹಣೆಯ ಮೇಲಿನ ಜೋಡಿ ಬರೀ ಮೊಳಕೆಯಷ್ಟು. ಕೆಲವಕ್ಕೆ ಮುಂದಿನದು ಕಾಣಿಸುವುದೂ ಇಲ್ಲ. ಕಾಡಿನಲ್ಲಿರುವ ಪ್ರಾಣಿಗಳಲ್ಲಿ ನಾಲ್ಕು ಕೊಂಬು ಇದಕ್ಕೆ ಮಾತ್ರ. ಹಿಂಡು ಕಟ್ಟುವುದಿಲ್ಲ. ಒಂಟಿ, ಇಲ್ಲವೇ ಜೋಡಿ, ಇಲ್ಲವೇ ತಾಯಿ ಮರಿ. ಕಾನೂನಿನಲ್ಲಿ ಹುಲಿಗೆ ಇರುವಷ್ಟೇ ರಕ್ಷಣೆ ಇದಕ್ಕೂ ಇದೆ.

ಹುಡುಕುವ ಕ್ರಮ ಹೀಗೆ. ಮೊದಲು ಪ್ರಾಣಿಯನ್ನು ಹುಡುಕಬೇಡಿ, ಹಿಕ್ಕೆ ಹುಡುಕಿ. ಕೊಂಡುಕುರಿ ಬಂದು ಬಂದು ಒಂದೇ ಜಾಗದಲ್ಲಿ ಹಿಕ್ಕೆ ಹಾಕುತ್ತದೆ. ದಾರಿ ಬದಿಯ ಬಯಲಿನಲ್ಲಿ ಕಪ್ಪು ಗುಳಿಗೆಗಳ ರಾಶಿ ಕಾಣುತ್ತದೆ. ಮೇಲಿನವು ಹೊಳೆಯುತ್ತಿದ್ದರೆ ಹೊಸದು, ಕೆಳಗಿನವು ಬೂದಿ ಬಣ್ಣಕ್ಕೆ ತಿರುಗಿದ್ದರೆ ಹಳೆಯದು. ಎರಡೂ ಒಂದೇ ರಾಶಿಯಲ್ಲಿದ್ದರೆ ಈ ಜಾಗ ಇನ್ನೂ ಬಳಕೆಯಲ್ಲಿದೆ. ವಾಚರ್‌ಗಳಿಗೆ ಇದು ಚೆನ್ನಾಗಿ ಗೊತ್ತು, ಅವರು ತೋರಿಸಿದ ಕಡೆ ನಿಲ್ಲಿ.

ಎರಡನೆಯದು ನೀರು. ಕೃಷ್ಣಮೃಗದ ಹಾಗಲ್ಲ, ಕೊಂಡುಕುರಿಗೆ ಆಗಾಗ ನೀರು ಬೇಕು. ನೀರಿನ ಗುಂಡಿಯಿಂದ ದೂರವೇ, ಗಾಳಿ ನಿಮ್ಮ ಮುಖಕ್ಕೆ ಬೀಸುವ ಕಡೆ ಕೂತು ಕಾಯಿರಿ. ಮಣ್ಣು ಬಣ್ಣದ ಬಟ್ಟೆ, ಮೊಬೈಲ್ ಸೈಲೆಂಟ್, ಕುರುಕಲು ತಿಂಡಿ ಬ್ಯಾಗಿನಲ್ಲಿ. ಕಂಡಾಗ ಕೈ ತೋರಿಸಬೇಡಿ. ಒಂದು ಕ್ಷಣ ಕಲ್ಲಿನ ಹಾಗೆ ನಿಲ್ಲುತ್ತದೆ, ಆಮೇಲೆ ತಲೆ ತಗ್ಗಿಸಿ ಪೊದೆಯೊಳಗೆ ಮಾಯ. ಫೋಟೋಗೆ ಸಿಗುವುದು ಬಹಳ ಸಲ ಹಿಂಭಾಗವೇ. ನೀರು ಕುಡಿಯುವ ಪ್ರಾಣಿಯನ್ನು ಫೋಟೋಗಾಗಿ ಓಡಿಸುವುದು ಮಾತ್ರ ಬೇಡ. ಆ ಗುಂಡಿ ಬಿಟ್ಟರೆ ಅದಕ್ಕೆ ಹತ್ತಿರದಲ್ಲಿ ಬೇರೆ ನೀರಿರುವುದಿಲ್ಲ.

ಒಂಬತ್ತು ಗಂಟೆಗೆ ಅಲ್ಲಿಂದ ಹೊರಟು ದಾವಣಗೆರೆಗೆ ಬನ್ನಿ. ಹಸಿದ ಹೊಟ್ಟೆಗೆ ಬೆಣ್ಣೆ ದೋಸೆ, ಬಿಳಿ ಆಲೂಗಡ್ಡೆ ಪಲ್ಯ, ನೀರು ಚಟ್ನಿ. ಬೆಣ್ಣೆ ಕಡಿಮೆ ಹಾಕಿ ಅಂತ ಹೇಳುವವರನ್ನು ಬೇರೆ ಟೇಬಲ್‌ನಲ್ಲಿ ಕೂರಿಸಿ. ಮಧ್ಯಾಹ್ನ ಪೂರ್ತಿ ವಿಶ್ರಾಂತಿ. ಸಂಜೆಗೆ ಮಂಡಕ್ಕಿ, ಮೆಣಸಿನಕಾಯಿ ಕಟ್ಟಿಸಿಕೊಂಡು ನಾಲ್ಕು ಗಂಟೆಗೆ ಹರಿಹರಕ್ಕೆ. ದೂರ 14 ಕಿ.ಮೀ. ಅಷ್ಟೇ.

ಹರಿಹರೇಶ್ವರ ದೇವಸ್ಥಾನ 1224ರ ಸುಮಾರಿನದು. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ ಕಟ್ಟಿಸಿದ್ದು. ಮೂರ್ತಿಯ ಬಲಭಾಗ ಶಿವ, ಎಡಭಾಗ ವಿಷ್ಣು. ಆರತಿ ಬೆಳಕಿನಲ್ಲಿ ನೋಡಿದಾಗ ತಲೆಯ ಕಡೆ ಗಮನ ಕೊಡಿ, ಒಂದು ಕಡೆ ಜಟೆ, ಇನ್ನೊಂದು ಕಡೆ ಕಿರೀಟ. ಆಮೇಲೆ ಮಂಟಪದ ಕಂಬಗಳು. ಕಡೆದ ಕಂಬದ ನುಣುಪಿನಲ್ಲಿ ನಿಮ್ಮ ನೆರಳು ಸೊಟ್ಟಗೆ ಕಾಣುತ್ತದೆ. ಶಾಸನದ ಕಲ್ಲುಗಳೂ ಆವರಣದಲ್ಲೇ ಇವೆ. ಮುಗಿಸಿ ತುಂಗಭದ್ರೆಯ ದಂಡೆಗೆ ಹೋಗಿ ಮಂಡಕ್ಕಿ ಪೊಟ್ಟಣ ಬಿಚ್ಚಿ, ಖಾಲಿ ಪೊಟ್ಟಣ ವಾಪಸ್ ತನ್ನಿ. ರಾತ್ರಿ ದಾವಣಗೆರೆಯಲ್ಲಿ ತಂಗುವುದು.

ಕೊನೆಯ ದಿನ: ಪುಷ್ಕರಣಿ, ಸೂಳೆಕೆರೆ

ಚನ್ನಗಿರಿ ತಾಲ್ಲೂಕಿನ ಈ ಎರಡನ್ನೂ ಒಂದೇ ಬೆಳಿಗ್ಗೆ ಮುಗಿಸಬಹುದು. ಮೊದಲು ಸೂಳೆಕೆರೆ, ಆಮೇಲೆ ಸಂತೆಬೆನ್ನೂರು. ಹಕ್ಕಿ ಬೆಳಿಗ್ಗೆ ಬೇಕು, ಕಲ್ಲು ಕಾಯುತ್ತದೆ.

ಸೂಳೆಕೆರೆಯ ಇನ್ನೊಂದು ಹೆಸರು ಶಾಂತಿಸಾಗರ. ಎರಡು ಗುಡ್ಡಗಳ ನಡುವಿನ ಸಂದಿಗೆ ಏರಿ ಹಾಕಿ ಹಳ್ಳವನ್ನು ನಿಲ್ಲಿಸಿದ್ದಾರೆ. ಏರಿ ಅಷ್ಟೇನೂ ಉದ್ದವಿಲ್ಲ, ಹಿಂದಿನ ನೀರು ಮಾತ್ರ ಕಣ್ಣು ಹಾಯುವವರೆಗೂ. ಸಾವಿರ ವರ್ಷದ ಹತ್ತಿರ ಹಳೆಯದಾದ ಈ ಕೆರೆಯ ನೀರು ಚಿತ್ರದುರ್ಗದ ನಲ್ಲಿಗಳಿಗೂ ಹೋಗುತ್ತದೆ. ಮೊದಲ ದಿನ ರೂಮಿನಲ್ಲಿ ನೀವು ಮುಖ ತೊಳೆದದ್ದೂ ಇದೇ ನೀರಿರಬಹುದು. ಏರಿಯ ಮೇಲೆ ಗದ್ದಲ ಜಾಸ್ತಿ. ನೀರು ತೆಳ್ಳಗಿರುವ ಅಂಚಿನ ಕಡೆ ಹೋದರೆ ಕೊಕ್ಕರೆ, ಬಾತು, ನೀರುಕಾಗೆ ಸಿಗುತ್ತವೆ. ಈಜಲು ಇಳಿಯಬೇಡಿ, ಆಳ ತಿಳಿಯುವುದಿಲ್ಲ.

ಸಂತೆಬೆನ್ನೂರಿನ ಪುಷ್ಕರಣಿ ಇಲ್ಲಿನ ಪಾಳೇಗಾರ ಕೆಂಗ ಹನುಮಂತಪ್ಪ ನಾಯಕನ ಕಾಲದ್ದು. ನೀರಿನ ನಡುವೆ ವಸಂತ ಮಂಟಪ, ದಂಡೆಯಲ್ಲಿ ಬಿಜಾಪುರದ ಸುಲ್ತಾನರ ಕಾಲದ ಮುಸಾಫಿರಖಾನೆ, ಅಂದರೆ ಪ್ರಯಾಣಿಕರ ತಂಗುಮನೆ. ಒಂದು ಸುತ್ತು ಹಾಕಿದರೆ ಎರಡು ಬೇರೆ ಬೇರೆ ಆಳ್ವಿಕೆಯ ಕಟ್ಟಡದ ಕೈ ಒಂದೇ ನೀರಿನಲ್ಲಿ ಕಾಣುತ್ತದೆ. ಮೆಟ್ಟಿಲಲ್ಲಿ ಕೂತು ಅರ್ಧ ಗಂಟೆ ಕಳೆಯಲು ಇಡೀ ದಾರಿಯಲ್ಲಿ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ ಅಂತ ನನ್ನ ಅಭಿಪ್ರಾಯ.

ಕಡಿಮೆ ದಿನ ಇದ್ದರೆ, ಜಾಸ್ತಿ ದಿನ ಇದ್ದರೆ

ಎರಡೇ ದಿನ ಅಂದರೆ ಕೋಟೆ, ಜೋಗಿಮಟ್ಟಿ, ರಂಗಯ್ಯನದುರ್ಗ ಇಟ್ಟುಕೊಂಡು ಉಳಿದದ್ದು ಬಿಡಿ. ವಯಸ್ಸಾದವರು ಇದ್ದರೆ ಕೋಟೆಯನ್ನು ಅರ್ಧಕ್ಕೆ ನಿಲ್ಲಿಸಿ ಹರಿಹರ, ಸಂತೆಬೆನ್ನೂರು ಸೇರಿಸಿಕೊಳ್ಳಿ.

ಬೆಂಗಳೂರಿಗೆ ಮರಳುವವರು ಹಿರಿಯೂರಿನಲ್ಲಿ ತಿರುಗಿ ವಾಣಿವಿಲಾಸ ಸಾಗರ ನೋಡಬಹುದು. ಊರವರ ಬಾಯಲ್ಲಿ ಮಾರಿಕಣಿವೆ. ವೇದಾವತಿಗೆ ಅಡ್ಡ ಕಟ್ಟಿದ ಈ ಅಣೆಕಟ್ಟು 1907ರಲ್ಲಿ ಮುಗಿಯಿತು. 1933ರಲ್ಲಿ ಕೋಡಿ ಬಿದ್ದದ್ದು, ಆಮೇಲೆ ಮತ್ತೆ ಬಿದ್ದದ್ದು 2022ರಲ್ಲೇ.

ಒಂದು ದಿನ ಪೂರ್ತಿ ಕೈಯಲ್ಲಿದ್ದರೆ ಮೊಳಕಾಲ್ಮೂರು ಕಡೆ ಹೋಗಿ. ಬ್ರಹ್ಮಗಿರಿಯ ಬಂಡೆಯ ಮೇಲೆ ಅಶೋಕನ ಶಾಸನವಿದೆ. ತಂದೆ ತಾಯಿಯ ಮಾತು ಕೇಳಬೇಕು, ಪ್ರಾಣಿಗಳ ಮೇಲೆ ದಯೆ ಇರಬೇಕು, ಸತ್ಯ ಹೇಳಬೇಕು ಅಂತ ಅದರಲ್ಲಿದೆ. ಕೊನೆಗೆ ಬರೆದವನ ಹೆಸರು ಚಪಡ ಅಂತ ಕೆತ್ತಿದೆ. ಅವನು ಲಿಪಿಕಾರ ಅನ್ನುವ ಮಾತನ್ನು ಮಾತ್ರ ವಾಯವ್ಯದ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಆಸಾಮಿ ಆ ಕಡೆಯಿಂದ ಬಂದವನಿರಬೇಕು, ಇಲ್ಲವೇ ತನಗೆ ಇನ್ನೊಂದು ಲಿಪಿಯೂ ಬರುತ್ತದೆ ಅಂತ ತೋರಿಸಿಕೊಳ್ಳುವ ಆಸೆ. ಜಟಿಂಗ ರಾಮೇಶ್ವರ ಬೆಟ್ಟವೂ ಅಲ್ಲೇ ಹತ್ತಿರ, ಅದನ್ನು ಬೆಳಿಗ್ಗೆಯೇ ಹತ್ತಿ ಇಳಿಯಿರಿ. ಮಧ್ಯಾಹ್ನ ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುವ ಮಗ್ಗ ನೋಡಿ. ಸೀರೆ ಕೊಳ್ಳಲು ಒಂದು ಗಂಟೆ ಸಾಕು ಅಂತ ಯಾರಾದರೂ ಹೇಳಿದರೆ ಟೈಮ್ ಪಟ್ಟಿಯಲ್ಲಿ ಎರಡು ಅಂತಲೇ ಬರೆದುಕೊಳ್ಳಿ, ಡ್ರೈವರ್‌ನನ್ನು ಊಟಕ್ಕೆ ಕಳಿಸಿ.